ಅಂಗಳದ ಮಣ್ಣನ್ನು ಬರಿದಾಗಿ ಬಿಡದಿರೋಣ

ಆಗಸ್ಟ್ 30ಕ್ಕೆ ಮೊಂತಿ ಹಬ್ಬದ ನೊವೆನಾ ಆರಂಭ. ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಚರ್ಚಿಗೆ ಹೋಗಿ ಬಾಲೆ ಮರಿಯಮ್ಮನವರಿಗೆ ಹೂ ಅರ್ಪಿಸುವುದು ನಮ್ಮ ಮಂಜೇಶ್ವರ, ಕಾಸರಗೋಡು ಕಡೆಯ ಧರ್ಮಕೇಂದ್ರಗಳಲ್ಲೂ ಹಿಂದಿನಿಂದ ನಡೆದು ಬಂದ ಕ್ರಮ. ಕೆಲವು ವರ್ಷಗಳ ಹಿಂದೆ ಹೀಗೇ ನೊವೆನಾದ ಒಂದು ಬೆಳಿಗ್ಗೆ ನಮ್ಮ ವಾರ್ಡಿನ ಮೂವರು ಮಕ್ಕಳು ಗೇಟಿನ ಬಳಿ ನಿಂತು, "ಆಂಟಿ, ಹೂ ಉಂಟಾ?" ಎಂದು ಕೇಳಿದರು. ನಾವು ಸುತ್ತ ಕಣ್ಣು ಹಾಯಿಸಿದೆವು. ಎದುರಿಗೆ ಇಂಟರ್‌ಲಾಕ್ ಹಾಸಿದ ಅಂಗಳ. ಬದಿಯಲ್ಲಿ ಆಳು ಹಿಡಿದು ಹುಲ್ಲು ಕೆತ್ತಿಸಿದ ಬೋಳು ಧರೆ. ಸಿಟ್‌ಔಟಿನಲ್ಲಿ ಎರಡು ಕುಂಡ ಕ್ರೋಟನ್. ಹೂವೆಂಬುದು ಒಂದೂ ಇರಲಿಲ್ಲ. "ಇಲ್ಲ ಮಕ್ಕಳೇ" ಎಂದು ಹೇಳಿ ಕಳುಹಿಸಿದೆವು. ಅವರು ಖಾಲಿ ಬುಟ್ಟಿ ಹಿಡಿದು ಮುಂದಿನ ಮನೆಗೆ ಹೋದರು. ಅಲ್ಲಿಯೂ ಇಂಟರ್‌ಲಾಕ್!

ಒಳಗೆ ಕುಳಿತಿದ್ದ ಅಮ್ಮ ಇದನ್ನು ಕೇಳಿಸಿಕೊಂಡು ಹೇಳಿದ ಮಾತು ಇಷ್ಟೇ: "ನಾವು ಸಣ್ಣವರಿರುವಾಗ ಹೂ ಕೇಳಲಿಕ್ಕೆ ಯಾರ ಮನೆಗೂ ಹೋಗಿರಲಿಲ್ಲ. ಧರೆಯಲ್ಲೇ ಇರುತ್ತಿತ್ತು."

ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ನೆಲಕ್ಕೆ ಹಬ್ಬುವ ಗಿಡಗಳ ವಿಷಯದಲ್ಲಿ ನಾವು ಕಲಿತದ್ದನ್ನೂ, ಕಲಿಯುವ ದಾರಿಯಲ್ಲಿ ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬರಿ ಮಣ್ಣಿನಿಂದ ಏನು ನಷ್ಟ?

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್. ಹಾಗಾದರೆ ಒಂದು ಸೆಂಟ್ಸ್ ಅಂಗಳದ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 1 ಲಕ್ಷ 40 ಸಾವಿರ ಲೀಟರ್. ಐದು ಸೆಂಟ್ಸ್ ಜಾಗಕ್ಕೆ ಏಳು ಲಕ್ಷ ಲೀಟರ್. ಇಷ್ಟು ನೀರನ್ನು ದೇವರು ನಮ್ಮ ಅಂಗಳಕ್ಕೇ ತಂದು ಸುರಿಯುತ್ತಾರೆ. ಆದರೂ ಎಪ್ರಿಲ್ ಬಂದರೆ ನಮ್ಮಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ, ಟ್ಯಾಂಕರಿಗೆ ಕಾಯುತ್ತೇವೆ.

ಕಾರಣ ನಮ್ಮ ಕಣ್ಣೆದುರೇ ಇದೆ. ಸಿಮೆಂಟು, ಟೈಲ್ಸ್ ಹಾಸಿದ ಕಡೆ ನೀರು ಇಳಿಯುವುದಿಲ್ಲ. ಬರಿ ಮಣ್ಣಿದ್ದರೂ ಹೆಚ್ಚು ಉಪಯೋಗವಿಲ್ಲ. ದಪ್ಪ ಮಳೆಹನಿ ನೇರವಾಗಿ ಮಣ್ಣಿಗೆ ಬಡಿದಾಗ ಮಣ್ಣಿನ ಹರಳು ಒಡೆದು ನುಣ್ಣನೆ ಕೆಸರಾಗುತ್ತದೆ. ಆ ಕೆಸರು ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಮತ್ತೆ ಬಿದ್ದ ನೀರು ಒಳಗಿಳಿಯದೆ ಮೇಲಿನ ಮಣ್ಣನ್ನೂ ಹೊತ್ತುಕೊಂಡು ಹರಿಯುತ್ತದೆ. ಆಟಿಯ ಮಳೆಗೆ ನಮ್ಮ ತೋಡುಗಳು ಕೆಂಪಾಗಿ ಹರಿಯುವುದು ಇದರಿಂದಲೇ. ಅದು ಬರಿ ಬಣ್ಣವಲ್ಲ, ನಮ್ಮ ಹಿತ್ತಿಲಿನ ಸಾರ.

ನಮ್ಮದು ಮುರಕಲ್ಲಿನ ನಾಡು. ಗುಡ್ಡೆಯ ನೆತ್ತಿಯಲ್ಲಿ ಗೇಣುದ್ದ ಮಣ್ಣು, ಕೆಳಗೆ ಕಲ್ಲು. ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮತಿ ನೆನಪಿದೆಯಲ್ಲ? ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದ ಬೀಜ ಬೇಗ ಮೊಳೆತು, ಬಿಸಿಲೇರಿದಾಗ ಬೇರಿಲ್ಲದೆ ಒಣಗಿಹೋಯಿತು. ಆ ಸಾಮತಿಯನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇರುವ ಗೇಣು ಮಣ್ಣನ್ನು ಕಾಪಾಡಿಕೊಳ್ಳುವುದೇ ನಮಗಿರುವ ದಾರಿ. ನೆಲಕ್ಕೆ ಹಬ್ಬುವ ಗಿಡಗಳು ಮಳೆಹನಿಯ ಪೆಟ್ಟನ್ನು ತಮ್ಮ ಎಲೆಯ ಮೇಲೆ ತಡೆಯುತ್ತವೆ, ಬೇರಿನಿಂದ ಮಣ್ಣು ಹಿಡಿಯುತ್ತವೆ, ಹರಿಯುವ ನೀರನ್ನು ನಿಧಾನ ಮಾಡಿ ಒಳಗಿಳಿಸುತ್ತವೆ. ಬೇಸಗೆಯಲ್ಲಿ ನೆಲ ಕಾಯದಂತೆಯೂ ನೋಡಿಕೊಳ್ಳುತ್ತವೆ.

ನಾವು ಮಾಡಿದ ತಪ್ಪು

ಮುಂದಿನ ಮಳೆಗಾಲಕ್ಕೆ ನಾವು ಉತ್ಸಾಹದಿಂದಲೇ ಹೊರಟೆವು. ಕಾರು ಹೋಗುವಷ್ಟು ಜಾಗ ಬಿಟ್ಟು ಉಳಿದ ಕಡೆಯ ಇಂಟರ್‌ಲಾಕ್ ತೆಗೆಸಿದೆವು. ಧರೆಗೆ ಏನು ನೆಡುವುದು? ಹೋಗಿ ಬರುವ ದಾರಿಯಲ್ಲಿ ಒಂದು ಕಾಂಪೌಂಡಿನಿಂದ ಹಳದಿ ಹೂವಿನ ಬಳ್ಳಿಯೊಂದು ಹಸಿರು ಜಮಖಾನೆಯಂತೆ ಇಳಿಬಿದ್ದಿತ್ತು. ನರ್ಸರಿಯವರು 'ವೆಡಿಲಿಯಾ' ಎನ್ನುವ ಗಿಡ ಅದು. ಕೇಳಿ ಒಂದು ಹಿಡಿ ತಂದು ನೆಟ್ಟೆವು. ನೆಟ್ಟದ್ದೆಲ್ಲ ಬದುಕಿತು. ಎರಡನೆಯ ಮಳೆಗಾಲಕ್ಕೆ ಧರೆ ಕಾಣದಂತೆ ಮುಚ್ಚಿತು. ಬಂದವರೆಲ್ಲ ಹೊಗಳಿದರು. ನಾವೂ ಉದಾರವಾಗಿ ನಾಲ್ಕು ಮನೆಗಳಿಗೆ ಕಡ್ಡಿ ಕೊಟ್ಟೆವು.

ಮೂರನೆಯ ವರ್ಷ ಅದು ನಮ್ಮ ಮಾತು ಕೇಳಲಿಲ್ಲ. ಧರೆಯಿಂದ ಕಣಿಗೆ, ಕಣಿಯಿಂದ ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಇಳಿಯಿತು. ಒಂದು ದಿನ ಅಲ್ಲಿಯ ಅಣ್ಣ ಮೇಲೆ ಬಂದು, "ನಿಮ್ಮ ಹಳದಿ ಹೂ ನನ್ನ ತೋಟಕ್ಕೆ ಬಂತು ಮಾರಾಯ್ರೆ, ಅಡಿಕೆ ಹೆಕ್ಕಲಿಕ್ಕೆ ನೆಲವೇ ಕಾಣುವುದಿಲ್ಲ" ಎಂದರು. ತಪ್ಪು ನಮ್ಮದೆಂದು ಒಪ್ಪುವ ಬದಲು, "ಬಳ್ಳಿ ತಾನಾಗಿ ಹೋದರೆ ನಾವೇನು ಮಾಡುವುದು?" ಎಂದುಬಿಟ್ಟೆವು. ಅವರು ಮರುಮಾತಾಡದೆ ಇಳಿದು ಹೋದರು. ಹೊಸ ಅಕ್ಕಿಯ ಊಟಕ್ಕೆ ಪ್ರತಿ ವರ್ಷ ಬರುತ್ತಿದ್ದ ಮನೆಯವರು ಆ ವರ್ಷ ಬರಲಿಲ್ಲ.

ಆಮೇಲೆ ವಿಚಾರಿಸಿದಾಗ ಗಿಡದ ಜಾತಕ ಗೊತ್ತಾಯಿತು. ಇದು ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕಡೆಯ ಗಿಡ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ತುಂಡು ಬಿದ್ದಲ್ಲಿ ಹೊಸ ಗಿಡ. ಬೇರೆ ಸಸಿಗಳಿಗೆ ಎಡೆ ಕೊಡುವುದಿಲ್ಲ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐ.ಯು.ಸಿ.ಎನ್. ಪಟ್ಟಿ ಮಾಡಿದ, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳಲ್ಲಿ ಇದೂ ಒಂದು.

ತಪಸ್ಸುಕಾಲದ ಮೊದಲ ವಾರದ ಶುಕ್ರವಾರದ ಶುಭಸಂದೇಶ ನಿಮಗೆ ಗೊತ್ತಿರಬಹುದು. ಬಲಿಪೀಠಕ್ಕೆ ಕಾಣಿಕೆ ತರುವಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗು ಎನ್ನುವ ಬೋಧನೆ ಅದು. ಆ ದಿನ ಪೂಜೆ ಮುಗಿಸಿ ಬಂದವರು ನೇರ ಕೆಳಗಿನ ಮನೆಗೆ ಹೋದೆವು. "ತಪ್ಪಾಯಿತು ಅಣ್ಣ, ಕೀಳಿಸಿ ಕೊಡುತ್ತೇವೆ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೀಳಿಸುವುದು ಬೇಡ, ಒಟ್ಟಿಗೆ ಕೀಳುವ" ಎಂದರು. ನಾಲ್ಕು ಶನಿವಾರ ಎರಡು ಮನೆಯವರೂ ಸೇರಿ ಕಿತ್ತೆವು. ನಾವು ಕಡ್ಡಿ ಕೊಟ್ಟಿದ್ದ ಮನೆಗಳಿಗೂ ಹೋಗಿ ವಿಷಯ ತಿಳಿಸಿದೆವು. ಅದೂ ಒಂದು ಪ್ರಾಯಶ್ಚಿತ್ತವೇ.

ಈ ಬಳ್ಳಿ ನಿಮ್ಮಲ್ಲಿದ್ದರೆ ತೆಗೆಯುವ ಕ್ರಮ ಹೀಗೆ: ಹಿಂದಿನ ದಿನ ನೀರು ಹಾಕಿ ಮಣ್ಣು ಸಡಿಲಗೊಳಿಸಿ. ಒಂದು ತುದಿಯಿಂದ ಹಾರೆಯಲ್ಲಿ ಎಬ್ಬಿಸುತ್ತಾ ಚಾಪೆಯಂತೆ ಸುತ್ತಿ. ಕಿತ್ತದ್ದನ್ನು ಟಾರ್ಪಾಲಿನ ಮೇಲೆ ಹರಡಿ ಎರಡು ಮೂರು ವಾರ ಸುಡುಬಿಸಿಲಲ್ಲಿ ಪೂರಾ ಒಣಗಿಸಿ. ಹಸಿಯಾಗಿ ಗೊಬ್ಬರದ ಗುಂಡಿಗೆ, ತೋಡಿಗೆ, ಮಾರ್ಗದ ಬದಿಗೆ ಎಸೆಯಲೇಬಾರದು. ಬೇಸಗೆಯೇ ಇದಕ್ಕೆ ಒಳ್ಳೆಯ ಸಮಯ. ಮೊದಲ ಮಳೆ ಬಿದ್ದ ಮೇಲೆ ಉಳಿದ ಗೆಣ್ಣುಗಳು ಮತ್ತೆ ಚಿಗುರುತ್ತವೆ. ಆ ಮಳೆಗಾಲವಿಡೀ ಹದಿನೈದು ದಿನಕ್ಕೊಮ್ಮೆ ನೋಡಿ ಕೀಳಬೇಕು. ಜಾಗವನ್ನು ಖಾಲಿ ಬಿಡದೆ ಕೂಡಲೇ ಬೇರೆ ಗಿಡದಿಂದ ಮುಚ್ಚಬೇಕು.

ರಬ್ಬರ್ ತೋಟಗಳಲ್ಲಿ ನೆಲ ಮುಚ್ಚಲು ಹಾಕುವ ಮುಕುನಾ ಬಳ್ಳಿಯ ವಿಷಯದಲ್ಲೂ ಎಚ್ಚರ ಬೇಕು. ತೋಟದಲ್ಲಿ ಅದು ಸಾರಜನಕ ಕೊಡುತ್ತದೆ, ನಿಜ. ಆದರೆ ಮನೆಯ ಹಿತ್ತಿಲಿಗೆ ತಂದರೆ ಮಾವು, ಹಲಸು, ತೆಂಗು ಎನ್ನದೆ ಹತ್ತಿ ಮುಚ್ಚಿಬಿಡುತ್ತದೆ.

ಯಾವ ಜಾಗಕ್ಕೆ ಯಾವ ಗಿಡ?

ಗಿಡ ಆರಿಸುವ ಮೊದಲು ಎರಡು ದಿನ ಜಾಗವನ್ನು ನೋಡಿ. ಎಷ್ಟು ಹೊತ್ತು ಬಿಸಿಲು? ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ? ಜನ ನಡೆಯುತ್ತಾರೆಯೇ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಬಾವಿಕಟ್ಟೆ, ಪಾತ್ರೆ ತೊಳೆಯುವ ಜಾಗದ ಬದಿ: ತಂಪು, ಅರೆನೆರಳು ಇರುವಲ್ಲಿ ಒಂದೆಲಗಕ್ಕಿಂತ ಒಳ್ಳೆಯದಿಲ್ಲ. ತುಳುವಿನಲ್ಲಿ ತಿಮರೆ ಎನ್ನುವ ಇದು ಬಳ್ಳಿ ಚಾಚಿ ತಾನಾಗಿ ಹಬ್ಬುತ್ತದೆ. ಚಟ್ನಿ, ತಂಬುಳಿಗೆ ಆಯಿತು. ಬಳಸುವುದಾದರೆ ಸಾಬೂನು ನೀರು, ಬಚ್ಚಲ ನೀರು ಹರಿಯುವಲ್ಲಿ ಬೆಳೆಸಬೇಡಿ.

ಅರೆಬಿಸಿಲಿನ ಅಂಗಳ, ತೆಂಗಿನ ನಡುವಿನ ಜಾಗ: ನರ್ಸರಿಯವರು 'ಪಿಂಟೊ ಪೀನಟ್' ಎನ್ನುವ ಹಳದಿ ಹೂವಿನ ನೆಲಗಡಲೆ ಜಾತಿ ಇಲ್ಲಿಗೆ ಸರಿ. ಮೂಲ ಬ್ರೆಜಿಲ್. ದ್ವಿದಳ ಜಾತಿಯಾದ್ದರಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಗೇಣಿಗಿಂತ ಎತ್ತರ ಹೋಗುವುದಿಲ್ಲ, ಮರ ಹತ್ತುವುದಿಲ್ಲ. ಅಪರೂಪಕ್ಕೊಮ್ಮೆ ಮೆಟ್ಟಿದರೆ ಸಾಯುವುದಿಲ್ಲ. ಆದರೆ ಮೊದಲ ಕೆಲವು ತಿಂಗಳು ನಿಧಾನ, ತಾಳ್ಮೆ ಬೇಕು. ಇದಕ್ಕೂ ಗಡಿ ಹಾಕಲೇಬೇಕು.

ಪೂರ್ತಿ ಬಿಸಿಲು, ನೀರು ನಿಲ್ಲದ ಜಾಗ: ಹತ್ತು ಗಂಟೆ ಹೂ ಮಕ್ಕಳಿಗೆ ಇಷ್ಟ. ಒಂದು ಕಡ್ಡಿಯಿಂದ ಹತ್ತು ಗಿಡವಾಗುತ್ತದೆ. ನಮ್ಮ ಜಡಿಮಳೆಗೆ ಕೊಳೆಯುವುದರಿಂದ ಮಳೆಗಾಲಕ್ಕೆ ಕೆಲವು ಕಡ್ಡಿಯನ್ನು ಕುಂಡದಲ್ಲಿ ಮಾಡಿನ ಕೆಳಗೆ ಉಳಿಸಿಕೊಳ್ಳಿ. ಸಾಂಬ್ರಾಣಿ ಅಥವಾ ದೊಡ್ಡಪತ್ರೆಯೂ ಇಂಥ ಜಾಗಕ್ಕೆ ಆಗುತ್ತದೆ. ಮಗುವಿಗೆ ಶೀತವಾದರೆ ಅಜ್ಜಿಯಂದಿರು ಮೊದಲು ಹುಡುಕುವ ಎಲೆ.

ಮರದ ಬುಡದ ನೆರಳು: ಅರಿಶಿನ, ಕೂವೆ, ಕೆಸು ನೆಡಿ. ಇವು ನೆಲಕ್ಕೆ ಹಬ್ಬುವುದಿಲ್ಲ. ಆದರೆ ಅಗಲ ಎಲೆಯಿಂದ ಮಳೆಯ ಪೆಟ್ಟು ತಡೆಯುತ್ತವೆ. ಬೇಸಗೆಗೆ ಒಣಗುವುದರಿಂದ ಆಗ ತರಗೆಲೆ ಹಾಸಬೇಕು.

ತರಕಾರಿ ಹಿತ್ತಿಲು: ಸಿಹಿಗೆಣಸಿನ ಬಳ್ಳಿ ಎರಡು ತಿಂಗಳಲ್ಲಿ ನೆಲ ಮುಚ್ಚುತ್ತದೆ. ನಾಲ್ಕು ತಿಂಗಳಿಗೆ ಗೆಣಸು. ಎಳೆ ಚಿಗುರು ಪಲ್ಯಕ್ಕೂ ಆಗುತ್ತದೆ. ತೆಂಗಿನ ಬುಡದ ಕಟ್ಟೆಯಲ್ಲಿ ಮಳೆ ಹಿಡಿಯುವಾಗ ಅಲಸಂಡೆ ಬಿತ್ತಿ, ಹೂ ಬಿಡುವಾಗ ಕಿತ್ತು ಅಲ್ಲೇ ಮಣ್ಣಿಗೆ ಸೇರಿಸಿದರೆ ಒಳ್ಳೆಯ ಹಸಿರೆಲೆ ಗೊಬ್ಬರ.

ಕಡಿದಾದ ಧರೆ: ಇಲ್ಲಿ ಹಬ್ಬುವ ಗಿಡ ಮಾತ್ರ ಸಾಲದು. ಅಡ್ಡಸಾಲಾಗಿ ಲಾವಂಚ ನೆಡಬೇಕು. ಒಂದೊಂದು ಬುಡದ ನಡುವೆ ಅರ್ಧ ಗೇಣು ಅಂತರ. ಇದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ, ಮೂರು ಮೀಟರ್‌ವರೆಗೂ ಇಳಿಯುತ್ತದೆ. ಸಾಲುಗಳ ನಡುವೆ ಬೇರೆ ಗಿಡ ಹಬ್ಬಿಸಬಹುದು. ಆದರೆ ಆಳೆತ್ತರಕ್ಕಿಂತ ಹೆಚ್ಚು ನೆಟ್ಟಗೆ ಕಡಿದ ಧರೆ ಮನೆಯ ಹಿಂದೆ ಇದ್ದರೆ ಗಿಡವನ್ನು ನಂಬಿ ಕೂರಬೇಡಿ. ಇಂಜಿನಿಯರಿಗೆ ತೋರಿಸಿ, ಮೇಲಿನ ನೀರು ಬೇರೆ ಕಡೆ ಹರಿಯುವಂತೆ ಕಣಿ ಮಾಡಿ.

ಕಡಲ ಕರೆಯ ಮನೆಗಳು: ಮರಳಿನಲ್ಲಿ ತಾನಾಗಿ ಹಬ್ಬುವ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿಯನ್ನು ಕಸವೆಂದು ಕೀಳಬೇಡಿ. ಉಪ್ಪುಗಾಳಿ ತಡೆದು ಮರಳು ಹಿಡಿಯುವುದಕ್ಕೆ ಅದನ್ನು ಮೀರಿಸುವ ಗಿಡವಿಲ್ಲ.

ನೆಡುವಾಗ

ನಮ್ಮಲ್ಲಿ ಎರಡು ಕಾಲ ಒಳ್ಳೆಯದು. ಜೂನ್ ಮೊದಲ ಮಳೆ, ಇಲ್ಲವೇ ಸೆಪ್ಟೆಂಬರಿನ ಹದಮಳೆ. ಜೋರು ಮಳೆಯ ಜುಲೈಯಲ್ಲಿ ಇಳಿಜಾರಿಗೆ ನೆಟ್ಟರೆ ಗಿಡದೊಂದಿಗೆ ಮಣ್ಣೂ ಹೋಗುತ್ತದೆ. ಮೊದಲು ನಾಚಿಕೆ ಮುಳ್ಳು, ಕಮ್ಯುನಿಸ್ಟ್ ಗಿಡ ಮುಂತಾದವನ್ನು ಬೇರು ಸಮೇತ ತೆಗೆಯಿರಿ. ಒಂದು ವಾರ ಬಿಟ್ಟು ಹೊಸದಾಗಿ ಮೊಳೆತದ್ದನ್ನು ಮತ್ತೊಮ್ಮೆ ಕೀಳಿ. ಈ ಎರಡನೆಯ ಸಲದ ಕೆಲಸ ತಪ್ಪಿಸಿದವರು ವರ್ಷವಿಡೀ ಕಳೆ ಕೀಳುತ್ತಾರೆ. ಬಳಿಕ ಹಟ್ಟಿಗೊಬ್ಬರ ತೆಳುವಾಗಿ ಹರಡಿ.

ಪಿಂಟೊ ಕಡ್ಡಿಯನ್ನು ಕಾಲು ಮೀಟರ್ ಅಂತರಕ್ಕೆ ನೆಟ್ಟರೆ ಒಂದು ಚದರ ಮೀಟರಿಗೆ 16 ಕಡ್ಡಿ ಬೇಕು. ಹತ್ತು ಚದರ ಮೀಟರಿಗೆ 160. ಅಷ್ಟನ್ನೂ ದುಡ್ಡು ಕೊಟ್ಟು ತರಬೇಕಾಗಿಲ್ಲ. ಹತ್ತು ಗಿಡ ತಂದು ಒಂದು ಮೂಲೆಯಲ್ಲಿ ಬೆಳೆಸಿ, ಮುಂದಿನ ಮಳೆಗೆ ಅದರಿಂದಲೇ ಕಡ್ಡಿ ತೆಗೆಯಿರಿ. ಇಳಿಜಾರಿನಲ್ಲಿ ನೆಟ್ಟ ಮೇಲೆ ಹಳೆಯ ಮಡಲನ್ನು ಅಡ್ಡ ಹಾಸಿ ಗೂಟ ಹೊಡೆದರೆ ಮಣ್ಣು ನಿಲ್ಲುತ್ತದೆ. ಗಿಡ ಮುಚ್ಚುವ ಹೊತ್ತಿಗೆ ಮಡಲು ಗೊಬ್ಬರವಾಗಿರುತ್ತದೆ.

ನೆಟ್ಟ ಮೇಲೆ

ಒಮ್ಮೆ ನೆಟ್ಟರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಕೈಯಲ್ಲೇ ಕಳೆ ಕೀಳಬೇಕು. ಒಮ್ಮೆ ನೆಲ ಮುಚ್ಚಿದರೆ ಬೆಳಕು ಸಿಗದೆ ಕಳೆ ತಾನಾಗಿ ಕಡಿಮೆಯಾಗುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ನಡುವೆ ಮತ್ತು ಮಳೆ ಮುಗಿದ ಮೇಲೆ, ಅಂಚನ್ನು ಹಾರೆಯಿಂದ ಕಡಿದು ಗಡಿಯೊಳಗೆ ಇರಿಸಿ. ನೆರೆಯವರ ಬೇಲಿಯಿಂದ ಒಂದು ಮಾರು ಈಚೆಗೇ ನಿಲ್ಲಿಸುವುದು ನಾವು ಕಷ್ಟದಿಂದ ಕಲಿತ ಪಾಠ. ನವೆಂಬರ್ ನಂತರ ಎರಡು ಮೂರು ದಿನಕ್ಕೊಮ್ಮೆ ಅಕ್ಕಿ, ತರಕಾರಿ ತೊಳೆದ ನೀರು ಹಾಕಿದರೂ ಸಾಕು. ಬೇಸಗೆಯಲ್ಲಿ ಎಲೆ ಸ್ವಲ್ಪ ಒಣಗಿದರೆ ಗಾಬರಿ ಬೇಡ, ಬೇರು ಬದುಕಿದ್ದರೆ ಮಳೆಗೆ ಚಿಗುರುತ್ತದೆ.

"ಹಾವು ಬಂದರೆ?" ಎಂದು ಕೇಳುವವರೇ ಹೆಚ್ಚು. ನ್ಯಾಯವಾದ ಪ್ರಶ್ನೆ. ಗೋಡೆಯಿಂದ, ಬಾಗಿಲಿನಿಂದ, ನಡೆಯುವ ದಾರಿಯಿಂದ ಒಂದು ಮೀಟರ್ ಜಾಗ ತೆರವಾಗಿರಲಿ. ಅಲ್ಲಿ ಜಲ್ಲಿ ಹಾಸಬಹುದು. ಮನೆಯ ಹತ್ತಿರ ಗೇಣಿಗಿಂತ ಎತ್ತರ ಬೆಳೆಯುವ ಗಿಡ ಬೇಡ. ಕಲ್ಲು, ಕಟ್ಟಿಗೆ, ಹಳೆ ಹೆಂಚಿನ ರಾಶಿ ಬೇಡ. ಇಲಿ ಸೇರುವುದು ಅಲ್ಲೇ, ಇಲಿ ಹುಡುಕಿ ಹಾವು ಬರುವುದೂ ಅಲ್ಲೇ. ರಾತ್ರಿ ಟಾರ್ಚ್ ಇಲ್ಲದೆ ಇಳಿಯಬೇಡಿ. ಹಾಗೆಯೇ ತೆಂಗಿನ ಸಿಪ್ಪೆ ಹಾಸುವುದಾದರೆ ಬೆನ್ನು ಮೇಲೆ ಮಾಡಿ ಹಾಸಿ. ಅದರಲ್ಲಿ ನೀರು ನಿಂತರೆ ಡೆಂಗಿ ಜ್ವರದ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ.

ವಿಷ ಹೊಡೆಯುವ ಮುನ್ನ

"ಇಷ್ಟೆಲ್ಲ ಯಾಕೆ, ಒಂದು ಸಲ ಕಳೆನಾಶಕ ಹೊಡೆದರೆ ಆಯಿತಲ್ಲ?" ಎನ್ನುವವರಿದ್ದಾರೆ. ಬೇರೆ ಊರಿನವರು ಹೀಗೆ ಹೇಳಿದರೆ ಕ್ಷಮಿಸಬಹುದು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು, ಎಣ್ಮಕಜೆಯಂಥ ಊರುಗಳ ಮನೆಗಳಲ್ಲಿ ಮಕ್ಕಳು ಅನುಭವಿಸಿದ್ದನ್ನು ನಾವು ಮರೆಯಲಾರೆವು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಷೇಧಿಸಿತು. ಎಂಡೋಸಲ್ಫಾನ್ ಕೀಟನಾಶಕ, ಕಳೆನಾಶಕ ಬೇರೆ, ನಿಜ. ಆದರೆ ಹುಲ್ಲು ಕೀಳುವ ಕಷ್ಟ ತಪ್ಪಿಸಲು, ಬಾವಿಯ ಪಕ್ಕದಲ್ಲೇ, ಮಕ್ಕಳು ಆಡುವ ಅಂಗಳದಲ್ಲೇ ವಿಷ ಸುರಿಯುವ ಧೈರ್ಯ ನಮ್ಮ ಊರಿನವರಿಗಂತೂ ಬರಬಾರದು.

ಒಂದು ಮೂಲೆ ಹಾಗೆಯೇ ಇರಲಿ

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಬರೆದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರ ಒಂದು ಸಂಗತಿ ಬರುತ್ತದೆ. ಮಠದ ತೋಟದ ಒಂದು ಭಾಗವನ್ನು ಮುಟ್ಟದೆ ಬಿಡಬೇಕು, ಅಲ್ಲಿ ಕಾಡುಹೂಗಳೂ ಗಿಡಮೂಲಿಕೆಗಳೂ ತಮ್ಮಷ್ಟಕ್ಕೆ ಬೆಳೆಯಲಿ, ನೋಡಿದವರ ಮನಸ್ಸು ಸೃಷ್ಟಿಕರ್ತನ ಕಡೆ ಏಳಲಿ ಎಂದು ಅವರು ಕೇಳಿಕೊಂಡಿದ್ದರಂತೆ. ನಾವೂ ಧರೆಯ ಮೇಲಿನ ಒಂದು ಮೂಲೆಯನ್ನು ಹಾಗೆಯೇ ಬಿಟ್ಟೆವು. ಏನೂ ನೆಡಲಿಲ್ಲ. ಹಳದಿ ಬಳ್ಳಿ ಮತ್ತು ಮುಳ್ಳು ಬಂದರೆ ಮಾತ್ರ ಕೀಳುತ್ತೇವೆ. ಎರಡನೆಯ ಮಳೆಗೇ ತುಂಬೆ ಬಂತು. ಬದಿಯಲ್ಲಿ ಕಡಿದು ಕಡಿದು ಬಿಟ್ಟಿದ್ದ ಕೇಪುಳದ ಬುಡ ಚಿಗುರಿ ಕೆಂಪಗೆ ಹೂ ಬಿಟ್ಟಿತು. ಹೆಸರು ಗೊತ್ತಿಲ್ಲದ ಸಣ್ಣ ನೀಲಿ ಹೂಗಳೂ ಬಂದವು.

ಕಳೆದ ನೊವೆನಾದಲ್ಲಿ ಮಕ್ಕಳು ಮತ್ತೆ ಬಂದರು. ಈ ಸಲ ಅವರು ಕೇಳುವ ಮೊದಲೇ ಅಮ್ಮ, "ಧರೆಯಲ್ಲಿ ಉಂಟು, ಹೋಗಿ ಕೊಯ್ಯಿರಿ. ಬೇರು ಕೀಳಬೇಡಿ, ಎಲ್ಲ ಕೊಯ್ಯಬೇಡಿ" ಎಂದರು. ಓಣಂ ಪೂಕಳಕ್ಕೆ ತುಂಬೆ ಹುಡುಕಿಕೊಂಡು ಕೆಳಗಿನ ಮನೆಯ ಮೊಮ್ಮಕ್ಕಳೂ ಅದೇ ಧರೆಗೆ ಬಂದಿದ್ದರು. ಮೊಂತಿ ಹಬ್ಬದ ದಿನ ಹೊಸ ಅಕ್ಕಿಯ ಊಟಕ್ಕೆ ಆ ಮನೆಯವರೆಲ್ಲ ನಮ್ಮಲ್ಲೇ ಇದ್ದರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ದೊಡ್ಡ ಹಿತ್ತಿಲು ಇರಬೇಕೆಂದಿಲ್ಲ. ಈ ಮಳೆಗಾಲ ಮುಗಿಯುವ ಮೊದಲು ಎರಡು ಚದರ ಮೀಟರ್ ಬರಿ ಮಣ್ಣನ್ನಾದರೂ ಹಸಿರಿನಿಂದ ಮುಚ್ಚಿ. ಕಡ್ಡಿ ಬೇಕಾದರೆ ನೆರೆಯವರನ್ನು ಕೇಳಿ. ಕೊಡುವಾಗ ಅದರ ಗುಣದೊಂದಿಗೆ ದೋಷವನ್ನೂ ಹೇಳಿ ಕೊಡಿ. ಮುಂದಿನ ನೊವೆನಾಕ್ಕೆ ನಿಮ್ಮ ಗೇಟಿನ ಮುಂದೆ ನಿಲ್ಲುವ ಮಗುವಿನ ಬುಟ್ಟಿ ಖಾಲಿಯಾಗಿ ಹಿಂದಿರುಗದಿರಲಿ.